ಬಿದ್ದ ಕೈಯಲ್ಲಿ ಜೀವ ಕಂಡ ವೈದ್ಯ ಡುಶೆನ್

ಲಕ್ವ ಹೊಡೆದು ಕೈ ಬಿದ್ದುಹೋದ ರೋಗಿಯ ಮುಂಗೈಗೆ ಫಿಸಿಯೋಥೆರಪಿಸ್ಟ್ ಎರಡು ಪ್ಯಾಡ್ ಅಂಟಿಸಿ ಯಂತ್ರದ ಗುಂಡಿ ತಿರುಗಿಸುತ್ತಾರೆ. ಮುದುಡಿದ್ದ ಬೆರಳುಗಳು ಮೆಲ್ಲಗೆ ಬಿಚ್ಚಿಕೊಳ್ಳುತ್ತವೆ. ಮನೆಯವರಿಗೆ ಇದು ಪವಾಡದಂತೆ ಕಾಣುತ್ತದೆ. ಆದರೆ ಚರ್ಮದ ಮೇಲಿಂದಲೇ ಕರೆಂಟ್ ಹಾಯಿಸಿ ಬೇಕಾದ ಒಂದೇ ಸ್ನಾಯುವನ್ನು ಅಲುಗಿಸುವ ವಿದ್ಯೆಗೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಅದಕ್ಕೆ ಅಡಿಪಾಯ ಹಾಕಿದವರು ಫ್ರಾನ್ಸಿನ ವೈದ್ಯ ಗಿಯೋಮ್ ಡುಶೆನ್.

ಡುಶೆನ್ ಹುಟ್ಟಿದ್ದು 1806ರಲ್ಲಿ, ಫ್ರಾನ್ಸಿನ ಕಡಲತೀರದ ಬುಲೋನ್ ಪಟ್ಟಣದಲ್ಲಿ. ಕಡಲನ್ನೇ ನಂಬಿ ಬದುಕಿದ ಮನೆತನ. ತಂದೆ ಹಡಗಿನ ಕಪ್ತಾನ. ಮಗನೂ ಕಡಲಿಗೆ ಇಳಿಯಲಿ ಎಂಬುದು ಅವರ ಆಸೆಯಾಗಿತ್ತು. ಮಗ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರ ಓದಿ, 1831ರಲ್ಲಿ ಪದವಿ ಪಡೆದು ಊರಿಗೆ ಮರಳಿದರು. ಅದೇ ವರ್ಷ ಮದುವೆಯೂ ಆಯಿತು.

ಸಂಸಾರದ ಸುಖ ಹೆಚ್ಚು ದಿನ ಉಳಿಯಲಿಲ್ಲ. 1833ರಲ್ಲಿ ಗಂಡುಮಗು ಹುಟ್ಟಿತು. ಹೆರಿಗೆಯ ನಂಜಿನಿಂದ ಪತ್ನಿ ತೀರಿಕೊಂಡರು. ಹೆರಿಗೆ ಮಾಡಿಸಿದ್ದು ಸ್ವತಃ ಡುಶೆನ್. ಸಾವಿಗೆ ಅವರೇ ಕಾರಣ ಎಂಬ ಮಾತು ಊರಲ್ಲಿ ಹಬ್ಬಿತು. ಮಗು ಅಜ್ಜಿಯ ಮನೆ ಸೇರಿತು. ತಂದೆ ಮಗ ಬಹುಕಾಲ ದೂರವೇ ಉಳಿದರು.

ಆ ನೋವಿನ ದಿನಗಳಲ್ಲೇ, 1835ರ ಸುಮಾರಿಗೆ, ಅವರು ವಿದ್ಯುತ್ ಚಿಕಿತ್ಸೆಯ ಪ್ರಯೋಗಕ್ಕೆ ಕೈ ಹಾಕಿದರು. ಆಗ ಸ್ನಾಯುವಿಗೆ ಸೂಜಿ ಚುಚ್ಚಿ ವಿದ್ಯುತ್ ಹಾಯಿಸುತ್ತಿದ್ದರು. ಒದ್ದೆ ಮಾಡಿದ ಎರಡು ಎಲೆಕ್ಟ್ರೋಡುಗಳನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಸೂಜಿಯೇ ಬೇಡ, ಕರೆಂಟನ್ನು ಬೇಕಾದ ಸ್ನಾಯುವಿಗಷ್ಟೇ ಮುಟ್ಟಿಸಬಹುದು ಎಂದು ಡುಶೆನ್ ತೋರಿಸಿದರು.

1842ರಲ್ಲಿ ಪ್ಯಾರಿಸ್ಸಿಗೆ ಮರಳಿದ ಅವರಿಗೆ ಆಸ್ಪತ್ರೆಯ ಹುದ್ದೆಯಾಗಲೀ ಪ್ರೊಫೆಸರ್ ಪದವಿಯಾಗಲೀ ಇರಲಿಲ್ಲ. ವಿದ್ಯುತ್ ಪೆಟ್ಟಿಗೆ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಹಳ್ಳಿ ಕಡೆಯ ಮಾತಿನ ಈ ವೈದ್ಯನನ್ನು ನೋಡಿ ನಕ್ಕವರೂ ಇದ್ದರು. ಅವರು ಮಾತ್ರ ಒಬ್ಬೊಬ್ಬ ರೋಗಿಯನ್ನೂ ವರ್ಷಗಟ್ಟಲೆ ಬೆನ್ನು ಹತ್ತಿ ಪರೀಕ್ಷಿಸಿದರು. ಈ ದುಡಿಮೆಯ ಫಲವಾಗಿ 1855ರಲ್ಲಿ ವಿದ್ಯುತ್ ಚಿಕಿತ್ಸೆಯ ಕುರಿತ ಅವರ ದೊಡ್ಡ ಗ್ರಂಥ ಹೊರಬಂತು.

ಲಕ್ವದ ರೋಗಿಗಳ ಮಟ್ಟಿಗೆ ಅವರ ಒಂದು ಅವಲೋಕನ ಬಹಳ ಮುಖ್ಯ. ಕೈಗೆ ಹೋಗುವ ನರವೇ ತುಂಡಾಗಿದ್ದರೆ ಅಥವಾ ತೀವ್ರವಾಗಿ ಕೆಟ್ಟಿದ್ದರೆ ಸ್ನಾಯು ಅವರ ಯಂತ್ರದ ಕರೆಂಟಿಗೆ ಓಗೊಡುತ್ತಿರಲಿಲ್ಲ. ಮಿದುಳಿನ ತೊಂದರೆಯಿಂದ ಕೈ ಬಿದ್ದವರಲ್ಲಿ ಸ್ನಾಯು ಮೊದಲಿನಂತೆಯೇ ಕುಣಿಯುತ್ತಿತ್ತು. ಅಂದರೆ ಲಕ್ವದಲ್ಲಿ ಕೈ ಸತ್ತಿಲ್ಲ, ಮಿದುಳಿನ ಅಪ್ಪಣೆ ಅದಕ್ಕೆ ತಲುಪುತ್ತಿಲ್ಲ ಅಷ್ಟೆ. ಇಂದಿನ ವಿದ್ಯುತ್ ಪ್ರಚೋದನೆ ಚಿಕಿತ್ಸೆ ನಿಂತಿರುವುದು ಇದೇ ಸತ್ಯದ ಮೇಲೆ.

ಮಕ್ಕಳ ಸ್ನಾಯುಗಳು ಕ್ರಮೇಣ ಸೊರಗುವ ಕಾಯಿಲೆಯನ್ನೂ ಅವರು 1860ರ ದಶಕದಲ್ಲಿ ವಿವರಿಸಿದರು. ಅದನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಮುಖದ ಸ್ನಾಯುಗಳಿಗೆ ಕರೆಂಟ್ ಕೊಟ್ಟು ತೆಗೆಸಿದ ಫೋಟೋಗಳ ಪುಸ್ತಕ 1862ರಲ್ಲಿ ಬಂತು. ಅವುಗಳಲ್ಲಿ ಕೆಲವನ್ನು ಚಾರ್ಲ್ಸ್ ಡಾರ್ವಿನ್ 1872ರ ತಮ್ಮ ಕೃತಿಯಲ್ಲಿ ಬಳಸಿಕೊಂಡರು. ಪ್ರಸಿದ್ಧ ನರರೋಗ ತಜ್ಞ ಶಾರ್ಕೊ ಇವರನ್ನು ಗುರುವೆಂದೇ ಗೌರವಿಸಿದರು.

ಕೊನೆಗಾಲಕ್ಕೆ ಮಗನೂ ವೈದ್ಯನಾಗಿ ತಂದೆಯ ಬಳಿ ಬಂದ. ಆದರೆ ಟೈಫಾಯ್ಡ್ ಅವನನ್ನು ತಂದೆಗಿಂತ ಮೊದಲೇ ಕೊಂಡೊಯ್ದಿತು. ಡುಶೆನ್ 1875ರಲ್ಲಿ ತೀರಿಕೊಂಡರು. ಕಾರಣ, ಮಿದುಳಿನ ರಕ್ತಸ್ರಾವ. ಬಾಳಿಡೀ ಬಿದ್ದ ಕೈಕಾಲುಗಳನ್ನು ಎಬ್ಬಿಸಲು ಹೆಣಗಿದವರನ್ನು ಮಿದುಳಿನ ಆಘಾತವೇ ಬಲಿ ತೆಗೆದುಕೊಂಡಿತು.

ಅವರು ಹಾಕಿಕೊಟ್ಟ ದಾರಿ ಮುಂದುವರಿದಿದೆ. ಕುತ್ತಿಗೆಯ ವೇಗಸ್ ನರಕ್ಕೆ ವಿದ್ಯುತ್ ಮಿಡಿತ ಕೊಡುತ್ತಾ ಕೈಯ ವ್ಯಾಯಾಮ ಮಾಡಿಸುವ, ದೇಹದೊಳಗೆ ಅಳವಡಿಸುವ ಸಾಧನಕ್ಕೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ನೀಡಿತು. ಆದರೆ ಕರೆಂಟೊಂದೇ ಸಾಲದು. ಲೋಟ ಹಿಡಿಯುವ, ಗುಂಡಿ ಹಾಕುವ ಅಭ್ಯಾಸವನ್ನು ರೋಗಿ ದಿನವೂ ಮಾಡಬೇಕು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಇಂಥ ಯಂತ್ರ ಮುಟ್ಟಬಾರದು. ಫಲ ಎಲ್ಲರಿಗೂ ಒಂದೇ ಸಮನಾಗಿ ಸಿಗುವುದಿಲ್ಲ. ಹಾಗೆಂದು ಬಿದ್ದ ಕೈ ಸತ್ತೇಹೋಯಿತೆಂದು ಮನೆಯವರು ಕೈಚೆಲ್ಲಬೇಕಿಲ್ಲ.