ಶಿಶುನಾಳದ ಶರೀಫ ಸಾಹೇಬರು: ಸಹಬಾಳ್ವೆಯ ಒಂದು ಪಾಠ



ಅಲ್ಪಸಂಖ್ಯಾತರ ಹಕ್ಕಿನ ಮಾತು ಬಂದಾಗ ನಾವು ದೂರದ ದೇಶಗಳ ಕಡೆಗೆ ನೋಡುತ್ತೇವೆ. ಇಂದು ನಮ್ಮದೇ ಶಿಗ್ಗಾಂವಿ ತಾಲ್ಲೂಕಿನ ಒಂದು ಹಳ್ಳಿಯತ್ತ ನೋಡೋಣ ಬನ್ನಿ.

ಕ್ರಿ.ಶ. 1819ರಲ್ಲಿ ಶಿಶುವಿನಹಾಳದ ಇಮಾಮ್ ಸಾಹೇಬ್ ಮತ್ತು ಹಜ್ಜೂಮಾ ದಂಪತಿಗಳಿಗೆ ಒಂದು ಗಂಡು ಮಗು ಜನಿಸಿತು. ಅವರೇ ಮುಂದೆ ನಾಡಿಗೆಲ್ಲ ಸಂತ ಶಿಶುನಾಳ ಶರೀಫರಾದರು. ಕನ್ನಡ ಕಲಿತು ಮುಲ್ಕಿ ಪರೀಕ್ಷೆ ಪಾಸಾದ ಅವರು ಸುತ್ತಲಿನ ಹಳ್ಳಿಗಳಲ್ಲಿ ಶಿಕ್ಷಕರಾಗಿ ದುಡಿದರು. ಮಡದಿಯ ಅಗಲಿಕೆಯ ದುಃಖವನ್ನೂ ಉಂಡರು.

ಕಳಸದ ಗುರು ಗೋವಿಂದ ಭಟ್ಟರು ಬ್ರಾಹ್ಮಣರು. ಅವರು ಶರೀಫರನ್ನು ಶಿಷ್ಯನನ್ನಾಗಿ ಸ್ವೀಕರಿಸಿದಾಗ ಎರಡೂ ಕಡೆಯವರು ಮುನಿದರು. ಗುರುಗಳು ತಮ್ಮ ಜನಿವಾರವನ್ನೇ ಶಿಷ್ಯನಿಗೆ ತೊಡಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಯೋಚಿಸಿ ನೋಡಿ, ನಿಂದೆಗೆ ಹೆದರಿ ಇಬ್ಬರಲ್ಲಿ ಒಬ್ಬರು ಹಿಂದೆ ಸರಿದಿದ್ದರೆ ಕನ್ನಡಕ್ಕೆ ಆ ತತ್ವಪದಗಳೇ ದೊರೆಯುತ್ತಿರಲಿಲ್ಲ!

ಶರೀಫರು ತಮ್ಮ ಹೆಸರನ್ನು ಬಿಡಲಿಲ್ಲ, ಸಮಾಜವನ್ನೂ ತೊರೆಯಲಿಲ್ಲ. ಮೊಹರಮ್ಮಿಗೆ ಕರ್ಬಲಾದ ಕಥೆಯನ್ನು ಕನ್ನಡದ ಪದಗಳಲ್ಲಿ ಕಟ್ಟಿದರು. ಮನೆ, ಗಿರಣಿ, ಕೋಳಿಯಂಥ ದಿನನಿತ್ಯದ ಸಂಗತಿಗಳಲ್ಲೇ ಆತ್ಮಜ್ಞಾನವನ್ನು ಹೇಳಿದರು. 1889ರಲ್ಲಿ ಅವರು ತೀರಿಕೊಂಡಾಗ ಎರಡೂ ಧರ್ಮದ ವಿಧಿಗಳು ನಡೆದವೆಂಬ ಮಾತಿದೆ. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಹಿಂದೂ ಮುಸ್ಲಿಮರು ಕೂಡಿಯೇ ನಡೆದುಕೊಳ್ಳುತ್ತಾರೆ. 1990ರಲ್ಲಿ ಅವರ ಜೀವನ ಚಲನಚಿತ್ರವಾಗಿ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯನ್ನೂ ಪಡೆಯಿತು.

ಇದು ನಮ್ಮ ಪರಂಪರೆಗೆ ಹೊರಗಿನದಲ್ಲ. ಪ್ರವಾದಿಯವರು (ಸ) 622ರಲ್ಲಿ ಮದೀನಾಕ್ಕೆ ಹೋದ ಬಳಿಕ ಆದ ಒಡಂಬಡಿಕೆಯಲ್ಲಿ ಯಹೂದಿಯರಿಗೆ ಅವರ ಧರ್ಮ, ಮುಸ್ಲಿಮರಿಗೆ ಮುಸ್ಲಿಮರ ಧರ್ಮ. ಊರಿನ ರಕ್ಷಣೆ ಮಾತ್ರ ಎಲ್ಲರ ಹೊಣೆ. ಆದರೆ 2014ರಲ್ಲಿ ಇರಾಕಿನ ಮೊಸುಲ್ ಮತ್ತು ಸಿಂಜಾರ್‌ಗಳಿಂದ ಕ್ರೈಸ್ತರೂ ಯಜೀದಿಗಳೂ ಉಟ್ಟ ಬಟ್ಟೆಯಲ್ಲಿ ಓಡಬೇಕಾಯಿತು. ಧರ್ಮದ ಹೆಸರಿನಲ್ಲಿ ನಡೆದ ಆ ಅನ್ಯಾಯದ ನಂತರ, 2016ರ ಜನವರಿಯಲ್ಲಿ ಮೊರಾಕ್ಕೋದ ಮರ್ರಾಕೇಶ್‌ನಲ್ಲಿ ಸೇರಿದ ಮುಸ್ಲಿಂ ವಿದ್ವಾಂಸರು ಮದೀನಾದ ಒಡಂಬಡಿಕೆಯನ್ನೇ ನೆನಪಿಸಿ, ಮುಸ್ಲಿಂ ಬಹುಸಂಖ್ಯಾತ ದೇಶಗಳಲ್ಲಿ ಅಲ್ಪಸಂಖ್ಯಾತರ ಹಕ್ಕು ಕಾಯಬೇಕೆಂದು ಘೋಷಿಸಿದರು.

ಸಂವಿಧಾನದ 29 ಮತ್ತು 30ನೇ ವಿಧಿಗಳು ಇಲ್ಲಿ ನಮಗೆ ಕೊಟ್ಟ ಹಕ್ಕನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅಂಥದೇ ಹಕ್ಕನ್ನು ಅಲ್ಲಿಯ ಕ್ರೈಸ್ತನಿಗೂ ಯಜೀದಿಗೂ ಬಯಸದಿದ್ದರೆ ನಮ್ಮ ಮಾತಿಗೆ ತೂಕವೆಲ್ಲಿ?

ಹಾನಗಲ್ಲ, ಸವಣೂರು, ಹಿರೇಕೆರೂರಿನ ವಿದ್ಯಾರ್ಥಿಗಳೇ, ಒಮ್ಮೆ ಶಿಶುನಾಳಕ್ಕೆ ಹೋಗಿ ಬನ್ನಿ. ಹೋಗುವಾಗ ಬೇರೆ ಧರ್ಮದ ಒಬ್ಬ ಗೆಳೆಯನನ್ನೂ ಕರೆದೊಯ್ಯಿರಿ.