ಗಾನತಪಸ್ವಿ ಮಲ್ಲಿಕಾರ್ಜುನ ಮನಸೂರ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ಜಾತ್ರೆಯೆಂದರೆ ತೇರು ಎಷ್ಟು ಮುಖ್ಯವೋ, ತೇರಿನ ಬಯಲಿನಲ್ಲಿ ಎದ್ದುನಿಂತ ನಾಟಕದ ಡೇರೆಯೂ ಅಷ್ಟೇ ಮುಖ್ಯವಾಗಿದ್ದ ಕಾಲವೊಂದಿತ್ತು. ವಾಡಿ, ಶಹಾಬಾದುಗಳಂತಹ ರೈಲು ಮತ್ತು ಸಿಮೆಂಟಿನ ಊರುಗಳಲ್ಲಿ ಚಿತ್ರಮಂದಿರದ ಧ್ವನಿವರ್ಧಕದಿಂದ ಹೊರಟ ಹಾಡು ಓಣಿ ಓಣಿಗಳನ್ನು ಸುತ್ತಿ ಬರುತ್ತಿತ್ತು. ಶಾಲೆಯ ಪಾಠ ನಾಲಿಗೆಗೆ ಹತ್ತದ ಹುಡುಗನಿಗೂ ನಾಟಕದ ನಾಯಕನ ಮಾತು, ಹಾಡಿನ ಪಲ್ಲವಿ ಕಂಠಪಾಠವಾಗಿರುತ್ತಿದ್ದವು. ಹಿರಿಯರು ಗದರಿಸುತ್ತಿದ್ದರು, ಹಗಲು ಗದರಿಸಿದ ಹಿರಿಯರೇ ರಾತ್ರಿ ಡೇರೆಯ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದುದೂ ಉಂಟು. ಬಹುಮಂದಿಯಲ್ಲಿ ಈ ಹುಚ್ಚು ಒಂದೆರಡು ವರ್ಷ ಏರಿ ತಾನಾಗಿ ಇಳಿದುಹೋಗುತ್ತದೆ. ಧಾರವಾಡದ ಸಮೀಪದ ಹಳ್ಳಿಯ ಬಾಲಕನೊಬ್ಬನಲ್ಲಿ ಅದು ಇಳಿಯಲಿಲ್ಲ. ಇಳಿಯದೆ ಹೋದದ್ದಷ್ಟೇ ಅಲ್ಲ, ಅದರ ಸ್ವರೂಪವೇ ಬದಲಾಯಿತು.

ಆ ಬಾಲಕನೇ ಮಲ್ಲಿಕಾರ್ಜುನ. ಧಾರವಾಡದ ಪಶ್ಚಿಮಕ್ಕೆ ಕೆಲವೇ ಮೈಲಿ ದೂರದ ಮನಸೂರು ಆತನ ಹುಟ್ಟೂರು. 1910ನೆಯ ಇಸವಿಯ ಕೊನೆಯ ದಿನ, ಅಮಾವಾಸ್ಯೆಯಂದು, ಆತನ ಜನನ. ತಂದೆ ಭೀಮರಾಯಪ್ಪನವರು ಊರಿನ ಗೌಡರು. ಒಕ್ಕಲುತನ ಅವರ ವೃತ್ತಿ, ಸಂಗೀತ ಅವರ ಒಲವು. ನಾಲ್ವರು ಅಣ್ಣತಮ್ಮಂದಿರು, ಮೂವರು ಅಕ್ಕತಂಗಿಯರು ಇದ್ದ ತುಂಬಿದ ಮನೆ. ಹಿರಿಯ ಸಹೋದರ ಬಸವರಾಜ ನಾಟಕದವರು. ಅವರದೇ ಒಂದು ಮಂಡಳಿ ಇದ್ದಿತು. ಹೀಗೆ ಬಣ್ಣ, ಪರದೆ, ಪೆಟ್ಟಿಗೆಯ ನಾದಗಳು ಬಾಲಕನಿಗೆ ಹೊರಗಿನಿಂದ ಬಂದ ಆಕರ್ಷಣೆಗಳಾಗಿರಲಿಲ್ಲ, ಮನೆಯೊಳಗಿನ ವಸ್ತುಗಳೇ ಆಗಿದ್ದವು. ಒಂಬತ್ತನೆಯ ವಯಸ್ಸಿನಲ್ಲಿ ಸಣ್ಣ ಪಾತ್ರವೊಂದರಲ್ಲಿ ಆತ ರಂಗವನ್ನೇರಿದ. ಶಾಲೆಯ ವ್ಯಾಸಂಗ ಪ್ರಾಥಮಿಕ ಹಂತದಲ್ಲಿಯೇ ನಿಂತುಹೋಯಿತು. ಮಗನ ಒಲವನ್ನು ಕಂಡ ತಂದೆ ಅವನನ್ನು ತಡೆಯಲಿಲ್ಲ. ಊರೂರು ಸುತ್ತುವ ನಾಟಕ ಮಂಡಳಿಯೊಂದಕ್ಕೆ ತಾವೇ ಸೇರಿಸಿದರು. ಅಂದಿನ ದಿನಗಳಲ್ಲಿ ಗೌಡರ ಮನೆಯ ತಂದೆಯೊಬ್ಬ ಹೀಗೆ ನಡೆದುಕೊಂಡದ್ದು ಸಾಮಾನ್ಯ ಸಂಗತಿಯಲ್ಲ.

ಅಂದಿನ ಕಂಪನಿ ನಾಟಕವೆಂದರೆ ಏನೆಂಬುದನ್ನು ಇಂದಿನ ವಿದ್ಯಾರ್ಥಿಗಳು ಸ್ವಲ್ಪ ಊಹಿಸಿಕೊಳ್ಳಬೇಕು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದ ಮೇಲೆ ಉತ್ತರ ಕರ್ನಾಟಕದಲ್ಲೆಲ್ಲ ಸಂಗೀತ ನಾಟಕದ ಅಲೆ ಹಬ್ಬಿತು. ಗದುಗಿನ ಕಡೆ ಶಾಂತಕವಿಗಳು ಕನ್ನಡ ನಾಟಕಕ್ಕಾಗಿ ಅದಾಗಲೇ ದುಡಿಯತೊಡಗಿದ್ದರು. ನಾಟಕದಲ್ಲಿ ಮಾತಿಗಿಂತ ಹಾಡೇ ಹೆಚ್ಚು. ರಾಜನು ಕೋಪಗೊಂಡರೂ ಹಾಡು, ರಾಣಿಯು ಮೂರ್ಛೆಹೋಗುವ ಮುನ್ನವೂ ಹಾಡು! ಒಳ್ಳೆಯ ಕಂಠದ ನಟನು ಒಂದು ಪದವನ್ನು ಮುಗಿಸಿದೊಡನೆ ಪ್ರೇಕ್ಷಕರು ವನ್ಸ್ ಮೋರ್ ಎಂದು ಕೂಗುವರು. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಪುನಃ ಸಾಯಬೇಕಾಗುತ್ತಿತ್ತೆಂದು ಹಳಬರು ನಗೆಯಾಡುವುದುಂಟು. ಅಂತಹ ರಂಗದ ಮೇಲೆ ಎಳೆಯ ಮಲ್ಲಿಕಾರ್ಜುನನ ಮೃದುವೂ ಮಧುರವೂ ಆದ ಕಂಠ ಎಲ್ಲರನ್ನೂ ಸೆಳೆಯಿತು. ಮಂಡಳಿಯ ಯಜಮಾನರು ಅವನಿಂದ ಬಗೆಬಗೆಯ ಪದಗಳನ್ನು ಹಾಡಿಸಿದರು. ಹತ್ತು ಹನ್ನೆರಡರ ಹುಡುಗನಿಗೆ ಇನ್ನೇನು ಬೇಕು? ದೀಪದ ಬೆಳಕು, ಮೈಮೇಲೆ ಜರಿಯ ಉಡುಪು, ಎದುರಿಗೆ ಚಪ್ಪಾಳೆ.

ಆದರೆ ಈ ಚಪ್ಪಾಳೆಯಲ್ಲೊಂದು ಅಪಾಯವಿತ್ತು. ರಂಗದ ಮೇಲಿನ ಪದವು ನಾಲ್ಕೈದು ನಿಮಿಷಗಳಲ್ಲಿ ಜನರನ್ನು ಗೆಲ್ಲಬೇಕು. ಅದಕ್ಕೆ ಬೇಕಾದುದು ಎತ್ತರದ ಸ್ವರ ಮತ್ತು ತಟ್ಟನೆ ಮನ ಸೆಳೆಯುವ ತಾನಗಳು. ರಾಗದ ಆಳಕ್ಕಿಳಿಯುವ ಅವಕಾಶ ಅಲ್ಲಿಲ್ಲ. ಬಾಲನಟನ ಕಂಠವು ಪ್ರಾಯಕ್ಕೆ ಬಂದಾಗ ಒಡೆಯುತ್ತದೆ. ಮಾಧುರ್ಯವೊಂದನ್ನೇ ನಂಬಿದವನು ಆಗ ಬರಿಗೈಯಾಗುತ್ತಾನೆ. ನಿನ್ನೆ ಬಾಲನಟನಾಗಿ ಮೆರೆದು ಇಂದು ಪರದೆಯ ಹಗ್ಗವೆಳೆಯುವವರು ಕಂಪನಿಗಳಲ್ಲಿ ಅಪರೂಪವಾಗಿರಲಿಲ್ಲ. ಮಲ್ಲಿಕಾರ್ಜುನನ ಪಾಲಿಗೆ ಹಾಗಾಗದಿದ್ದುದು ಅವನ ಹಾಡನ್ನು ಕೇಳಲು ಬಂದ ಇಬ್ಬರು ಹಿರಿಯರಿಂದ.

ಮೊದಲನೆಯವರು ಅಪ್ಪಯ್ಯಸ್ವಾಮಿಗಳು. ಅವರಲ್ಲಿ ಬಾಲಕನಿಗೆ ಕರ್ನಾಟಕ ಸಂಗೀತದ ಮೊದಲ ಪಾಠಗಳಾದವು. ಎರಡನೆಯವರು ಮಿರಜಿನ ನೀಲಕಂಠಬುವಾ ಆಲೂರಮಠರು, ಗ್ವಾಲಿಯರ್ ಘರಾಣೆಯ ಗಾಯಕರು. ಘರಾಣೆಯೆಂದರೆ ಮನೆತನ. ಗುರುವಿನಿಂದ ಶಿಷ್ಯನಿಗೆ ತಲೆಮಾರುಗಳ ಕಾಲ ಹರಿದುಬಂದ ಹಾಡುಗಾರಿಕೆಯ ಒಂದು ರೀತಿಗೆ ಹಿಂದುಸ್ತಾನಿ ಸಂಗೀತದಲ್ಲಿ ಈ ಹೆಸರು. ಮಿರಜ ಆಗ ಸಂಗೀತಗಾರರ ಊರು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್‌ಖಾನರೂ ಅಲ್ಲಿಯೇ ನೆಲೆಸಿದ್ದರು. ನೀಲಕಂಠಬುವಾ ಅವರು ಹುಡುಗನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಬಣ್ಣ ತೊಳೆದುಹೋಯಿತು. ಸುಮಾರು ಆರು ವರ್ಷಗಳ ಕಾಲ ಆತ ಅವರಲ್ಲಿ ಖ್ಯಾಲ್ ಗಾಯನವನ್ನು ಕಲಿತ. ಚಪ್ಪಾಳೆಯಿಲ್ಲದ ಆರು ವರ್ಷಗಳು ಆ ವಯಸ್ಸಿನಲ್ಲಿ ಬಹು ದೀರ್ಘವಾದುವು.

ಕಲಿಕೆ ಮುಗಿದ ಮೇಲೆ ಹೆಸರು ಬೇಗನೆ ಬಂದಿತು. ಗ್ರಾಮಾಫೋನ್ ಆಗ ಹೊಸ ಸೋಜಿಗ. ಅಂಗಡಿಯ ಮುಂದೆ ನಿಂತು ಪ್ಲೇಟು ಕೇಳುವುದೇ ಹುಡುಗರಿಗೆ ಒಂದು ಹಬ್ಬ; ಗದುಗಿನ ಬಾಲಕ ಭೀಮಸೇನ ಜೋಶಿಯವರು ಹಾಗೆ ಅಬ್ದುಲ್ ಕರೀಮ್‌ಖಾನರ ಪ್ಲೇಟು ಕೇಳಿಯೇ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟು ಹೋದರು. ಯುವಕ ಮಲ್ಲಿಕಾರ್ಜುನರು ಎಚ್.ಎಂ.ವಿ. ಕಂಪನಿಗೆ ಹಾಡಿದ ಗೌಡಮಲ್ಹಾರ ಮತ್ತು ಅಡಾಣಾ ರಾಗಗಳ ಪ್ಲೇಟುಗಳು ಮನೆಮಾತಾದವು. ಕಂಪನಿಯವರು ಅವರನ್ನು ಸಂಗೀತ ನಿರ್ದೇಶಕರನ್ನಾಗಿಯೂ ನೇಮಿಸಿಕೊಂಡರು. ಇತ್ತ 1931ರಲ್ಲಿ ಆಲಂ ಆರಾ, 1934ರಲ್ಲಿ ಕನ್ನಡದ ಸತಿ ಸುಲೋಚನಾ ಬಂದು ಮಾತನಾಡುವ ಚಿತ್ರಗಳ ಯುಗ ಆರಂಭವಾಯಿತು. ನಾಟಕ ಕಂಪನಿಗಳು ಒಂದೊಂದಾಗಿ ಸೊರಗತೊಡಗಿದವು. ಕಂಠವುಳ್ಳ ನಟರು ಚಿತ್ರಗಳತ್ತ ನಡೆದರು. ರಂಗದ ಅನುಭವ, ಮಧುರ ಕಂಠ, ಪ್ಲೇಟುಗಳ ಕೀರ್ತಿ ಮೂರೂ ಇದ್ದ ಇಪ್ಪತ್ತೈದರ ಯುವಕನಿಗೆ ಸುಲಭವಾದ ದಾರಿಗಳು ಹಲವಾರು ಇದ್ದುವು.

ಅವರು ಹಿಡಿದ ದಾರಿ ಬೇರೆ. ತಮಗೆ ತಿಳಿದುದು ಸಾಲದೆಂದು ಅವರಿಗೆ ಅನ್ನಿಸಿತು. ಕೊಲ್ಹಾಪುರದ ಆಸ್ಥಾನ ಗಾಯಕರಾಗಿದ್ದ ಅಲ್ಲಾದಿಯಾ ಖಾನರು ಜಯಪುರ ಘರಾಣೆಯ ಮಹಾಗುರುಗಳು. ಅತಿಯಾದ ಹಾಡುಗಾರಿಕೆಯಿಂದ ಒಮ್ಮೆ ತಮ್ಮ ಕಂಠವನ್ನೇ ಕಳೆದುಕೊಂಡು, ಉಳಿದ ಧ್ವನಿಗೆ ಒಗ್ಗುವಂತೆ ಹೊಸದೊಂದು ಗಾಯನರೀತಿಯನ್ನು ಕಟ್ಟಿದವರು ಅವರು. ಆ ಖಾನರ ಮಗ ಮಂಜಿಖಾನರ ಬಳಿ ಮಲ್ಲಿಕಾರ್ಜುನರು ಮತ್ತೆ ಶಿಷ್ಯರಾಗಿ ಕುಳಿತರು. ಪ್ಲೇಟು ಕೇಳಿ ಮೆಚ್ಚಿದವರು ನಾಡಿನಲ್ಲೆಲ್ಲ ಇರುವಾಗ, ತಾನು ಹಾಡುತ್ತಿದ್ದ ರೀತಿಯನ್ನು ಕಳಚಿಟ್ಟು ಮೊದಲಿನಿಂದ ಆರಂಭಿಸುವುದು ಎಂತಹ ಕಷ್ಟವೆಂಬುದನ್ನು ಕಲಾವಿದರೇ ಬಲ್ಲರು. ಇಂತಹ ನಿರ್ಧಾರಕ್ಕೆ ಧೈರ್ಯಕ್ಕಿಂತ ಹೆಚ್ಚಾಗಿ ವಿನಯ ಬೇಕು.

ಜಯಪುರದ ಹಾಡುಗಾರಿಕೆ ಸುಲಭಕ್ಕೆ ಒಲಿಯತಕ್ಕದ್ದಲ್ಲ. ಅಲ್ಲಿ ಸ್ವರವೂ ಲಯವೂ ಇಳಕಲ್ಲಿನ ಸೀರೆಯ ಹಾಸುಹೊಕ್ಕುಗಳಂತೆ ಬಿಡದೆ ಹೆಣೆದುಕೊಂಡು ಸಾಗಬೇಕು. ಒಂದು ಆವರ್ತನ ಮುಗಿದು ಸಮಕ್ಕೆ ಬರುವಾಗ ಗಾಯಕನು ಎಲ್ಲಿಂದ ಎಲ್ಲಿಗೆ ಬಂದನೆಂಬುದು ಕೇಳುಗನಿಗೆ ಗೊತ್ತಾಗಬಾರದು, ಬಂದು ಮುಟ್ಟಿದ್ದು ಮಾತ್ರ ತಿಳಿಯಬೇಕು. ಉಸಿರು ದೀರ್ಘವಾಗಿರಬೇಕು. ಎರಡು ಮೂರು ರಾಗಗಳು ಕೂಡಿದ ಜೋಡುರಾಗಗಳು, ಇತರರು ಹಾಡದ ಅಪರೂಪದ ರಾಗಗಳು ಈ ಘರಾಣೆಯ ಆಸ್ತಿ. ಒಂದು ಸ್ವರ ಅತ್ತಿತ್ತ ಜರುಗಿದರೆ ರಾಗವೇ ಬೇರೆಯಾಗುತ್ತದೆ. ಇವನ್ನೆಲ್ಲ ಪುಸ್ತಕದಿಂದ ಕಲಿಯಲಾಗದು. ಗುರುವಿನ ಬಾಯಿಂದ ಬಂದುದನ್ನು ಕೇಳಿ, ಹಾಡಿ, ತಿದ್ದಿಸಿಕೊಂಡು, ಮತ್ತೆ ಹಾಡಬೇಕು.

ಈ ಪಾಠ ನಡೆದುದು ಸುಮಾರು ಒಂದೂವರೆ ವರ್ಷ ಮಾತ್ರ. 1937ರಲ್ಲಿ ಮಂಜಿಖಾನರು ಅಕಾಲಮರಣಕ್ಕೆ ತುತ್ತಾದರು. ಹಳೆಯ ರೀತಿಯನ್ನು ಬಿಟ್ಟಾಗಿತ್ತು, ಹೊಸದು ಇನ್ನೂ ಪೂರ್ತಿ ಕೈಗೆ ಸಿಕ್ಕಿರಲಿಲ್ಲ; ಹೊಳೆಯ ನಡುವೆ ಹರಿಗೋಲಿನ ಅಂಬಿಗನೇ ಇಲ್ಲವಾದ ಸ್ಥಿತಿ. ಇಲ್ಲಿಗೇ ನಿಂತಿದ್ದರೆ ಅವರು ಒಬ್ಬ ಒಳ್ಳೆಯ ಗಾಯಕರೆನಿಸಿ ಉಳಿಯುತ್ತಿದ್ದರೇನೋ. ಅವರು ಮಂಜಿಖಾನರ ತಮ್ಮ ಬುರ್ಜಿಖಾನರನ್ನು ಆಶ್ರಯಿಸಿದರು. 1950ರಲ್ಲಿ ಬುರ್ಜಿಖಾನರು ತೀರಿಕೊಳ್ಳುವವರೆಗೂ ಆ ಸಂಬಂಧ ಉಳಿಯಿತು. ಮನಸೂರರ ಹಾಡುಗಾರಿಕೆಯನ್ನು ರೂಪಿಸಿದವರಲ್ಲಿ ಬುರ್ಜಿಖಾನರದೇ ದೊಡ್ಡ ಪಾಲು. ಉಸ್ತಾದರ ಮುಸಲ್ಮಾನ ಮನೆತನದ ವಿದ್ಯೆ ಮನಸೂರಿನ ಲಿಂಗಾಯತ ಒಕ್ಕಲಿನ ಮಗನಿಗೆ ಹೀಗೆ ಸಂದಿತು. ಕೊಟ್ಟವರಾಗಲಿ ಪಡೆದವರಾಗಲಿ ಅದನ್ನು ವಿಶೇಷವೆಂದು ಎಣಿಸಲಿಲ್ಲ.

ಮುಂದಿನ ದಿನಗಳು ಧಾರವಾಡದಲ್ಲಿ ಕಳೆದುವು. ಪತ್ನಿ ಗಂಗಮ್ಮ, ಏಳು ಮಂದಿ ಹೆಣ್ಣುಮಕ್ಕಳು, ಒಬ್ಬ ಮಗ, ಸಂಸಾರ ದೊಡ್ಡದು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾಯಿತು. ಕಾಲಾನಂತರದಲ್ಲಿ ಅವರು ಅದರ ಸಂಗೀತ ಸಲಹೆಗಾರರಾದರು. ಹಳ್ಳಿಹಳ್ಳಿಯ ರೇಡಿಯೋಗಳಲ್ಲಿ ಅವರ ಕಂಠ ಕೇಳಿಬಂದಿತು. ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಅಳವಡಿಸಿ ಅವರು ಹಾಡುತ್ತಿದ್ದರು. ಖ್ಯಾಲಿನ ಭಾಷೆ ತಿಳಿಯದ ರೈತನಿಗೂ ವಚನದ ಮಾತು ತಿಳಿಯುತ್ತಿತ್ತು. ಆ ಮಾತಿನ ಬೆನ್ನು ಹತ್ತಿ ರಾಗವೂ ಅವನ ಮನೆ ಹೊಕ್ಕಿತು. ಮಾತಿನ ಅರ್ಥವನ್ನು ಕೇಳುಗನಿಗೆ ಮುಟ್ಟಿಸುವ ಈ ಜಾಣ್ಮೆ ಎಳವೆಯ ರಂಗಭೂಮಿ ಅವರಿಗೆ ಕೊಟ್ಟ ಕೊಡುಗೆಯೆಂದು ತೋರುತ್ತದೆ. ಬಿಟ್ಟು ಬಂದೆನೆಂದುಕೊಂಡ ನಾಟಕ ಅವರನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ.

ಶುದ್ಧನಾಟ, ಖಟ್, ಶಿವಮತ ಭೈರವ, ಏಕನಿಷಾದ ಬಿಹಾಗಡಾ, ಲಾಜವಂತಿ ಮೊದಲಾದ ಅಪರೂಪದ ರಾಗಗಳಿಗಾಗಿ ಸಂಗೀತಪ್ರಿಯರು ಅವರ ಕಛೇರಿಗಳನ್ನು ಕಾಯುತ್ತಿದ್ದರು. ದೇಶದ ಮನ್ನಣೆ ಬಂದುದು ತಡವಾಗಿ. 1970ರಲ್ಲಿ ಪದ್ಮಶ್ರೀ ದೊರೆತಾಗ ಅವರು ಅರವತ್ತರ ಅಂಚಿನಲ್ಲಿದ್ದರು. 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ ಬಂದುವು. ಪ್ರಾಥಮಿಕ ಶಾಲೆಯನ್ನು ದಾಟದ ಅವರಿಗೆ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅವರ ಉಡುಗೆ ಮಾತ್ರ ಬದಲಾಗಲಿಲ್ಲ: ಧೋತರ, ಅಂಗಿ, ತಲೆಗೊಂದು ಟೋಪಿ. ಬೀದಿಯಲ್ಲಿ ನಡೆದುಹೋಗುವಾಗ ಯಾರೋ ಸಂತೆಗೆ ಬಂದ ಹಿರಿಯ ರೈತರೆಂದೇ ಅಪರಿಚಿತರು ತಿಳಿಯಬಹುದಾಗಿತ್ತು. ತಮ್ಮ ಜೀವನವನ್ನು ಅವರು ‘ನನ್ನ ರಸಯಾತ್ರೆ’ ಎಂಬ ಗ್ರಂಥದಲ್ಲಿ ತಾವೇ ನಿರೂಪಿಸಿದ್ದಾರೆ. ಏಕೈಕ ಪುತ್ರ ರಾಜಶೇಖರ ಮನಸೂರರು ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರೂ ತಂದೆಯ ಗಾಯನವನ್ನು ಮುಂದುವರಿಸಿ, ಅದರ ಬಗೆಗೆ ಆ ಗ್ರಂಥವನ್ನು ಇಂಗ್ಲಿಷಿಗೂ ಅನುವಾದಿಸಿದರು. 2022ರಲ್ಲಿ ಅವರೂ ತೀರಿಕೊಂಡರು.

ಪದ್ಮವಿಭೂಷಣ ಬಂದ ವರ್ಷವೇ ಮಲ್ಲಿಕಾರ್ಜುನರು ಶ್ವಾಸಕೋಶದ ಅರ್ಬುದರೋಗದಿಂದ ನರಳುತ್ತಿದ್ದರು. ಜಯಪುರದ ಗಾಯನಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದ ಉಸಿರಿಗೇ ರೋಗ ತಗಲಿತ್ತು. 1992ರ ಸೆಪ್ಟೆಂಬರ್ 12ರಂದು ಅವರು ನಿಧನರಾದರು. ಸರಿಯಾಗಿ ನಲವತ್ತು ವರ್ಷಗಳ ಹಿಂದೆ ಅದೇ ದಿನ, ನಾಟಕದಿಂದಲೂ ಸಂಗೀತದಿಂದಲೂ ಹೆಸರಾಗಿದ್ದ ಕುಂದಗೋಳದ ಸವಾಯಿ ಗಂಧರ್ವರು ತೀರಿಕೊಂಡಿದ್ದರು. ಧಾರವಾಡದಲ್ಲಿ ಮಲ್ಲಿಕಾರ್ಜುನರು ಬಾಳಿದ ‘ಮೃತ್ಯುಂಜಯ’ ಎಂಬ ಮನೆಯನ್ನು ಅವರ ಸ್ಮಾರಕವಾಗಿ ಕಾಯ್ದಿರಿಸಲಾಗಿದೆ.