ಹಾರೆ ಹಿಡಿದು ತೋಪು ಕಾಯ್ದ ಹವಾಲ್ದಾರ್ ಉಮ್ರಾವ್ ಸಿಂಗ್

ಬೆಳ್ಳಿ ಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ, ಗೊಬ್ಬರ, ಬೆಳೆಸಾಲದ ವಿಷಯ ಬರೆಯೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾವು ಒಬ್ಬ ರೈತ ಸಿಪಾಯಿಯ ಜೀವನ ಬರೆಯೋಣ ಅನ್ನಿಸಿತು. ಉಮ್ರಾವ್ ಸಿಂಗ್ ಅವರು ನಮ್ಮ ಕಡೆಯವರಲ್ಲ. ಆದರೆ ಎರಡೆಕರೆ ಹಿಡುವಳಿಯ ಮನುಷ್ಯ. ಅಷ್ಟು ಸಾಕು, ನಮ್ಮ ಸದಸ್ಯರಿಗೆ ಅವರು ಅಪರಿಚಿತರಾಗಲಾರರು.

ಇಂದಿನ ಹರಿಯಾಣದ ಝಜ್ಜರ್ ಜಿಲ್ಲೆಯ ಪಾಲ್ಡಾ ಗ್ರಾಮದಲ್ಲಿ 1920ರಲ್ಲಿ ಹುಟ್ಟಿದರು. ಊರಿನ ಶಾಲೆಯಲ್ಲಿ ಓದಿ, ಮಹಾಯುದ್ಧ ಶುರುವಾದ 1939ರಲ್ಲೇ ಫಿರಂಗಿ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಅವರದು ಬೆಟ್ಟಗಾಡಿನ ಫಿರಂಗಿ ಪಡೆ. ಅಂಥ ಪಡೆಗಳಲ್ಲಿದ್ದ 3.7 ಇಂಚಿನ ತೋಪನ್ನು ಪಂಪ್‌ಸೆಟ್ ಬಿಚ್ಚಿದ ಹಾಗೆ ಭಾಗ ಭಾಗ ಬಿಚ್ಚಿ ಎಂಟು ಹೇಸರಗತ್ತೆಗಳ ಮೇಲೆ ಹೇರುತ್ತಿದ್ದರು. ರಸ್ತೆಯಿಲ್ಲದ ಗುಡ್ಡ ಹತ್ತಿ, ಮತ್ತೆ ಜೋಡಿಸಿ, ಗುರಿ ಹಿಡಿದು ಹೊಡೆಯಬೇಕು. ಇದು ಬರೀ ತೋಳ್ಬಲದ ಕೆಲಸವಲ್ಲ, ಲೆಕ್ಕಾಚಾರ ಬೇಕು. ಫಿರಂಗಿ ದಳದವರಿಗೆ ತೋಪೇ ಬಾವುಟ. ಪ್ರಾಣ ಹೋದರೂ ಅದು ಶತ್ರುವಿನ ಕೈಗೆ ಬೀಳಕೂಡದು.

ಉಮ್ರಾವ್ ಸಿಂಗ್ ಹವಾಲ್ದಾರ್ ಆಗಿ ಒಂದು ತೋಪಿನ ತಂಡದ ಮುಖ್ಯಸ್ಥರಾದರು. 1944ರ ಡಿಸೆಂಬರ್‌ನಲ್ಲಿ ಅವರ ತಂಡ ಬರ್ಮಾದ ಕಲಾದಾನ್ ಕಣಿವೆಯಲ್ಲಿತ್ತು. ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ ದೇಶದ ಸೈನಿಕರಿಗೆ ಬೆಂಬಲವಾಗಿ ತೋಪು ಮುಂಚೂಣಿಯಲ್ಲಿ ನಿಂತಿತ್ತು. 15-16ರಂದು ಜಪಾನೀಯರು ಒಂದೂವರೆ ಗಂಟೆ ಕಾಲ ಫಿರಂಗಿ, ಮಾರ್ಟರ್‌ಗಳಿಂದ ಬಿಡದೆ ಹೊಡೆದರು. ಆಮೇಲೆ ಕಡಿಮೆಯೆಂದರೂ ಎರಡು ಕಂಪನಿ ಕಾಲಾಳುಗಳು ನುಗ್ಗಿದರು. ಉಮ್ರಾವ್ ಸಿಂಗ್ ಬ್ರೆನ್ ಗನ್ ಹಿಡಿದು ತಾವೂ ಹೊಡೆದರು, ತಮ್ಮವರಿಂದಲೂ ಹೊಡೆಸಿದರು. ಎರಡು ಗ್ರೆನೇಡ್‌ಗಳಿಂದ ಮೈಗೆ ಗಾಯ. ಮೊದಲ ದಾಳಿ ಹಿಂದೆ ಹೋಯಿತು. ಎರಡನೆಯದೂ ಹೋಯಿತು, ಆದರೆ ಅಷ್ಟರಲ್ಲಿ ತಂಡದಲ್ಲಿ ಉಳಿದವರು ಅವರೂ ಸೇರಿ ಮೂರೇ ಜನ. ಮೂರನೆಯ ದಾಳಿ ಶುರುವಾಗುತ್ತಲೇ ಗುಂಡು ಮುಗಿಯಿತು.

ಆಗ ಅವರು ಎತ್ತಿಕೊಂಡದ್ದು ತೋಪು ಹೊರಲು ಬಳಸುವ ಕಬ್ಬಿಣದ ಸರಳು. ನಮ್ಮ ಹಾರೆ ಇದ್ದಂತೆ ಅಂದುಕೊಳ್ಳಿ. ಅದರಿಂದಲೇ ಮೂವರನ್ನು ಕೆಡವಿ, ಏಟುಗಳ ಮಳೆಯಲ್ಲಿ ತಾವೂ ಬಿದ್ದರು. ಆರು ಗಂಟೆಯ ನಂತರ ನಮ್ಮ ಕಡೆಯವರು ಆ ಜಾಗ ಮತ್ತೆ ಹಿಡಿದಾಗ ತೋಪಿನ ಪಕ್ಕದಲ್ಲೇ ಎಚ್ಚರ ತಪ್ಪಿ ಬಿದ್ದಿದ್ದರು. ತಲೆಯ ಗಾಯದಿಂದ ಗುರುತು ಸಿಗದ ಸ್ಥಿತಿ, ಕೈಯಲ್ಲಿ ಮಾತ್ರ ಆ ಸರಳು ಹಾಗೇ ಇತ್ತು. ಸುತ್ತ ಹತ್ತು ಜನ ಜಪಾನಿ ಸೈನಿಕರು ಸತ್ತು ಬಿದ್ದಿದ್ದರು. ಅದೇ ದಿನ ಆ ತೋಪು ಮತ್ತೆ ಕೆಲಸ ಮಾಡಿತು. ಓದಿದಾಗ ನಮಗೆ ಮೈ ಜುಮ್ಮೆಂದದ್ದು ಈ ಮಾತಿಗೇ.

1945ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರಮನೆಯಲ್ಲಿ ದೊರೆ ಆರನೇ ಜಾರ್ಜ್ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಆ ಯುದ್ಧದಲ್ಲಿ ಬ್ರಿಟನ್ ಮತ್ತು ಭಾರತದ ಫಿರಂಗಿ ದಳಗಳ ಹವಾಲ್ದಾರ್ ದರ್ಜೆಯವರಲ್ಲಿ ಇದನ್ನು ಪಡೆದವರು ಇವರೊಬ್ಬರೇ. ಸ್ವಾತಂತ್ರ್ಯದ ನಂತರವೂ ಫಿರಂಗಿ ದಳದಲ್ಲೇ ದುಡಿದು ಸುಬೇದಾರ್ ಮೇಜರ್ ಆದರು, ಗೌರವ ಕ್ಯಾಪ್ಟನ್ ಪದವಿಯೂ ಬಂತು. 1983ರಲ್ಲಿ ಪದ್ಮಭೂಷಣ.

ಇಷ್ಟೆಲ್ಲ ಆದರೂ ಊರಲ್ಲಿ ಅದೇ ಎರಡೆಕರೆ ಬೇಸಾಯ. ಪದಕ ಕೊಳ್ಳುತ್ತೇವೆಂದು ದೊಡ್ಡ ಮೊತ್ತ ಹಿಡಿದು ಬಂದವರಿದ್ದರು. ಮಾರಿದರೆ ಜೊತೆಯಲ್ಲಿ ಸತ್ತವರಿಗೆ ಅವಮಾನ ಎಂದು ಅವರು ಕೊಡಲಿಲ್ಲ. ಕೈ ಬಿಗಿಯಿದ್ದಾಗ ಮನೆಯ ಒಡವೆ ಗಿರವಿ ಇಟ್ಟವರಿಗೆ ಗೊತ್ತು ಇದು ಎಷ್ಟು ಕಷ್ಟ ಅಂತ.

1995ರಲ್ಲಿ ಯುದ್ಧ ಮುಗಿದ ಐವತ್ತನೇ ವರ್ಷದ ಸಮಾರಂಭಕ್ಕೆ ಲಂಡನ್ನಿಗೆ ಹೋದರು. ಗಣ್ಯರ ಡೇರೆಯ ಬಾಗಿಲಲ್ಲಿ ಪಟ್ಟಿಯಲ್ಲಿ ಹೆಸರಿಲ್ಲವೆಂದು ತಡೆದರಂತೆ. ಎದೆಯ ಮೇಲಿನ ಪದಕ ಗುರುತಿಸಿದ ಸೇನಾಧಿಕಾರಿಯೊಬ್ಬರು ಒಳಗೆ ಕರೆದೊಯ್ದರು. ಬೇರೆಯವರಾಗಿದ್ದರೆ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ಇವರು ಪ್ರಧಾನಿ ಜಾನ್ ಮೇಜರ್ ಅವರ ಮುಂದೆ ಲೆಕ್ಕ ಇಟ್ಟರು. ಇದೇ ಪದಕದ ಬ್ರಿಟನ್ನಿನವರಿಗೆ ವರ್ಷಕ್ಕೆ 1,300 ಪೌಂಡ್, ಹೊರದೇಶದ ತಮ್ಮಂಥವರಿಗೆ 1960ರಲ್ಲಿ ಗೊತ್ತು ಮಾಡಿದ 168 ಪೌಂಡೇ. ಮೂವತ್ತೈದು ವರ್ಷ ಒಂದು ಕಾಸೂ ಏರಿರಲಿಲ್ಲ. ಅಷ್ಟು ವರ್ಷದಲ್ಲಿ ಗೊಬ್ಬರದ ಚೀಲದ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ಪಿಂಚಣಿ ಏರಿಸಲು ಸರ್ಕಾರ ಒಪ್ಪಿತು. ಲಾಭ ಅವರೊಬ್ಬರಿಗೇ ಅಲ್ಲ, ಬೇರೆ ಬೇರೆ ದೇಶಗಳಲ್ಲಿ ಬದುಕಿದ್ದ ಅಂಥ ಎಲ್ಲರಿಗೂ ಸಿಕ್ಕಿತು. ಕಲಾದಾನ್ ಕಣಿವೆಯ ಹೋರಾಟದಷ್ಟೇ ದೊಡ್ಡದು ಇದು ಎಂಬುದು ನಮ್ಮ ಅಭಿಪ್ರಾಯ.

2005ರ ನವೆಂಬರ್ 21ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಭಾರತದಲ್ಲಿ ಆ ಪದಕ ಪಡೆದು ಬದುಕಿದ್ದ ಕೊನೆಯವರು ಅವರೇ. ಪಾಲ್ಡಾದಲ್ಲಿ ಸೈನಿಕ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಸೇನೆಯ ಮುಖ್ಯಸ್ಥರೇ ಆ ಹಳ್ಳಿಗೆ ಬಂದಿದ್ದರು.